ಕಾಣದ ಅಕ್ಷರಕ್ಕೂ ಜಾಗ ಕೊಡಿ

ಅಪ್ಪನ ವರ್ಷಾಬ್ದಿಕದ ವಿಷಯ ಊರಿನವರಿಗೆ ತಿಳಿಯಲೆಂದು ಪುಣೆಯ ಮನೆಯಲ್ಲಿ ಕೂತು ಬ್ರೌಸರ್‌ನಲ್ಲಿ ಶ್ರದ್ಧಾಂಜಲಿಯ ಫಾರಂ ತುಂಬಿದೆ. ಅಪ್ಪನಿಗೂ ನಮ್ಮ ವರನಟನಿಗೂ ಒಂದೇ ಹೆಸರು. ನಾನು ಟೈಪಿಸಿದ್ದು ‘ರಾಜ್‌ಕುಮಾರ್’. ಸಲ್ಲಿಸಿದ ಮೇಲೆ ಬಂದದ್ದು ‘ರಾಜ್ಕುಮಾರ್’. ಮೂರು ಸಲ ತಿದ್ದಿದೆ. ಮೂರೂ ಸಲ ‘ಕ’ ಒತ್ತಕ್ಷರವಾಗಿ ‘ಜ’ದ ಕಾಲಿಗೆ ಅಂಟಿಕೊಂಡಿತು. ಫೋನಿನಲ್ಲಿ ನೋಡಿದ ಅಮ್ಮ, ‘ಇದು ಯಾರ ಹೆಸರೋ?’ ಎಂದಳು.

ತಪ್ಪು ನನ್ನ ಬೆರಳಿನದಲ್ಲ. ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಇರಬೇಕು. ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್ ಸಂಕೇತ 200ಸಿ. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ಅಕ್ಕಪಕ್ಕದವರನ್ನು ಕೂಡಲು ಬಿಡದಿರುವುದಷ್ಟೇ ಅದರ ಕೆಲಸ. ಅದರ ಜೊತೆಗಾರ 200ಡಿ, ಅಂದರೆ ಜಾಯ್ನರ್. ಅದಿಲ್ಲದಿದ್ದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಲಿನಕ್ಸ್‌ನ ಹಲವು ಕಂಪ್ಯೂಟರ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಸಿ ಎಂದು ಬರೆದು ಎಂಟರ್ ಒತ್ತಿದರೆ ಅದು ಬರುತ್ತದೆ. ಆದರೆ ನಾವು ಇಷ್ಟು ಕಷ್ಟಪಟ್ಟು ಹಾಕಿದ್ದನ್ನು ಫಾರಂ ‘ಅನಗತ್ಯ ಚಿಹ್ನೆ’ ಎಂದು ಸದ್ದಿಲ್ಲದೆ ಗುಡಿಸಿ ಹಾಕಿದರೆ?

ಮರಾಠಿ ಸಹೋದ್ಯೋಗಿಗೆ ಹೇಳಿದಾಗ ಆತ ನಗಲಿಲ್ಲ. ಅವರ ಭಾಷೆಯಲ್ಲಿ ‘ದರ್ಯಾ’ ಎಂದರೆ ಸಮುದ್ರ, ‘ದರ‍್ಯಾ’ ಎಂದರೆ ಕಣಿವೆಗಳು. ಅದಕ್ಕಾಗಿ ಅವರು ಯೂನಿಕೋಡ್‌ನ ಬೇರೊಂದು ‘ರ’ ಬಳಸಬಹುದು. ನಮಗೆ ಕಾಣದ ಅಕ್ಷರವೇ ಗತಿ.

ನಾನೂ ಸಾಫ್ಟ್‌ವೇರ್‌ನವನೇ. ಕಾಣದ ಅಕ್ಷರಗಳಿಂದ ಮೋಸ ಮಾಡಬಹುದು, ಹುಡುಕಾಟ ತಪ್ಪಬಹುದು ಎಂಬ ಭಯ ಸುಳ್ಳಲ್ಲ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಅರ್ಧಾಕ್ಷರದ ಚಿಹ್ನೆಯ ಪಕ್ಕದಲ್ಲಿದ್ದರೆ ಮಾತ್ರ ಅವನ್ನು ಬಿಡಿ, ಉಳಿದ ಕಡೆ ತೆಗೆಯಿರಿ. ಹುಡುಕುವಾಗ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಉಳಿಸಿಡುವಾಗ ಅಳಿಸಬೇಡಿ. ಕೆಲವೇ ಸಾಲುಗಳ ಕೋಡ್ ಸಾಕು. ಫಾರಂ ಬಿಡುಗಡೆಗೆ ಮುನ್ನ ‘ರಾಜ್‌ಕುಮಾರ್’, ‘ರ‍್ಯಾಂಕ್’ ಎಂಬ ಎರಡೇ ಪದ ಹಾಕಿ ನೋಡಿದರೂ ದೋಷ ತಿಳಿಯುತ್ತದೆ. ಕನ್ನಡ ಗೊತ್ತಿರುವ ಸಾವಿರಾರು ಎಂಜಿನಿಯರ್‌ಗಳಿದ್ದೇವೆ. ಇದನ್ನು ನಾವು ಕೇಳದೆ ಇನ್ಯಾರು ಕೇಳಬೇಕು?

ಪ್ರಕಟಣೆಯನ್ನು ಕೊನೆಗೆ ಚಿತ್ರವಾಗಿ ಮಾಡಿ ಕಳಿಸಿದೆ. ಹೆಸರು ಸರಿಯಾಗಿ ಬಂತು. ಆದರೆ ನಾಳೆ ಮೊಮ್ಮಕ್ಕಳು ಅಜ್ಜನ ಹೆಸರನ್ನು ಟೈಪಿಸಿ ಹುಡುಕಿದರೆ, ಆ ಚಿತ್ರ ಸಿಗುವುದು ಅನುಮಾನ.