ಮೊದಲ ಗಡಿಯಾರ: ಮಗುಚಿ ನೋಡಿ ಕೊಳ್ಳಿ

ನಾಸಿಕ ಜಿಲ್ಲೆಯ ಯೇವಲಾದಲ್ಲಾಗಲಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಾಗಲಿ ಪೈಠಣಿ ಸೀರೆ ಕೊಳ್ಳುವ ಅನುಭವಿಗಳು ಮೊದಲು ಸೆರಗನ್ನು ಮಗುಚಿ ನೋಡುತ್ತಾರೆ. ಕೈನೇಯ್ಗೆಯಾದರೆ ಚಿತ್ತಾರ ಎರಡು ಬದಿಗೂ ಒಂದೇ ಅಂದದಲ್ಲಿರುತ್ತದೆ. ಯಂತ್ರದ್ದಾದರೆ ಹಿಂದೆ ಬಿಡಿ ಎಳೆಗಳು ಕಾಣುತ್ತವೆ. ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿವೇಕ ಹೊಸತಲ್ಲ. ಆದರೆ ಸಂಗ್ರಹಕ್ಕೆಂದು ಮೊದಲ ಬೆಲೆಬಾಳುವ ಕೈಗಡಿಯಾರ ಆರಿಸುವಾಗ ಹಲವರು ಅದನ್ನು ಬದಿಗಿಟ್ಟು, ಸ್ವಿಸ್ ಹೆಸರಿಗೆ, ಮುಖದ ಹೊಳಪಿಗೆ ಮನಸೋಲುತ್ತಾರೆ.

ನನ್ನ ಮತ ಇಷ್ಟೆ: ಮೊದಲನೆಯದು ಎಚ್‌ಎಂಟಿ ಜನತಾ ಆಗಲಿ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗಡಿಯಾರ ಕಾರ್ಖಾನೆಯ ಕೂಸು ಅದು. ಕೀಲಿ ಕೊಟ್ಟು ನಡೆಸುವ, 17 ರತ್ನಗಳ ಸರಳ ಯಂತ್ರ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು.

ಜನತಾವನ್ನು ಐಷಾರಾಮವೆನ್ನಲಾದೀತೇ ಎಂಬ ಆಕ್ಷೇಪ ಸಹಜ. ಬೆಲೆಯೊಂದೇ ಅಳತೆಯಾದರೆ ಇಲ್ಲ. ಆದರೆ ಸಂಗ್ರಾಹಕನಿಗೆ ಮೊದಲು ಬೇಕಾದದ್ದು ಪಳಗಿದ ಕಣ್ಣು; ಅದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಇಂದು ಮಾರಾಟಕ್ಕೆ ಬರುವ ಅನೇಕ ಹಳೆಯ ಎಚ್‌ಎಂಟಿಗಳ ಮುಖಫಲಕಕ್ಕೆ ಹೊಸ ಬಣ್ಣ ಬಳಿದಿರುತ್ತಾರೆ. ಕಾರ್ಖಾನೆ ಎಂದೂ ಬಳಸದ ಬಣ್ಣಗಳೂ ಅವುಗಳಲ್ಲಿವೆ. ಆದ್ದರಿಂದ ಅಕ್ಷರಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹಿಂಬದಿಯ ಮುಚ್ಚಳ ತೆಗೆಸಿ: ಒಳಯಂತ್ರದ ಮೇಲೆ ಎಚ್‌ಎಂಟಿ ಗುರುತಿದೆಯೇ, ತಿರುಪಿನ ತಲೆಗಳು ಸವೆದಿವೆಯೇ, ತುಕ್ಕು ಹತ್ತಿದೆಯೇ ಎಂದು ಪರೀಕ್ಷಿಸಿ.

ಮಾಸಿದ ಮೂಲ ಫಲಕವು ಮಿನುಗುವ ಹೊಸ ಬಣ್ಣಕ್ಕಿಂತ ಮೇಲು; ಆ ಮಾಸಲು ಅದರ ಆಯುಷ್ಯದ ಬರಹ. ಸ್ವಿಸ್ ಗಡಿಯಾರ ಕಾಯಬಲ್ಲದು. ಕಣ್ಣು ಪಳಗುವ ಮುನ್ನ ಲಕ್ಷಗಟ್ಟಲೆ ತೆತ್ತವರ ಪಾಲಿಗೆ ಆಧಾರವಾಗಿ ಉಳಿಯುವುದು ಮಾರಿದವನ ಮಾತೊಂದೇ.