ಪುಸ್ತಕದಲ್ಲಿ ಕೇಳಿದ ಗದ್ದಲ

೧೯೯೪ರ ಏಪ್ರಿಲ್ ತಿಂಗಳಲ್ಲಿ ನನ್ನ ಅಣ್ಣನ ಮಗನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಮೆರಿಕೆಯ ಸಿಯಾಟಲ್ ನಗರದಲ್ಲಿ ನಿರ್ವಾಣ ಎಂಬ ತಂಡದ ಗಾಯಕ ಕರ್ಟ್ ಕೋಬೇನನು ತನ್ನ ೨೭ನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡಿದ್ದನು. "ಅರಚುವವನೊಬ್ಬ ಕಡಿಮೆಯಾದನಷ್ಟೆ" ಎಂದುಬಿಟ್ಟೆ ನಾನು. ಹುಡುಗನು ಉತ್ತರ ಕೊಡಲಿಲ್ಲ. ಆಮೇಲೆ ಆ ಸಂಗೀತದ ಮಾತನ್ನು ನನ್ನೆದುರಿಗೆ ಎಂದೂ ಎತ್ತಲಿಲ್ಲ.

ಈಗ ಅವನ ತಲೆಯೂ ನರೆಯುತ್ತಿದೆ. ಕಳೆದ ಸಲ ಬಂದಾಗ ಮರೆತು ಹೋದನೋ, ಬೇಕೆಂದೇ ಇಟ್ಟು ಹೋದನೋ, ಒಂದು ದಪ್ಪ ಪುಸ್ತಕ ಮೇಜಿನ ಮೇಲೆ ಉಳಿದಿತ್ತು. ಮಾರ್ಕ್ ಯಾರ್ಮ್ ಎಂಬವರು ೨೦೧೧ರಲ್ಲಿ ಹೊರತಂದ 'ಎವೆರಿಬಡಿ ಲವ್ಸ್ ಅವರ್ ಟೌನ್': ಗ್ರಂಜ್ ಎಂಬ ಆ ಸಂಗೀತದ ಚರಿತ್ರೆ. ಕಿವಿ ಒಲ್ಲೆನೆಂದದ್ದನ್ನು ಕಣ್ಣು ಓದಲಿ ಎಂದು ತೆರೆದೆ.

ಇದರಲ್ಲಿ ಗ್ರಂಥಕರ್ತರು ಹೆಚ್ಚು ಮಾತನಾಡುವುದಿಲ್ಲ. ಅಲ್ಲಿದ್ದವರೇ ಸರದಿಯಂತೆ ಹೇಳುತ್ತಾರೆ, ಒಬ್ಬನ ಮಾತನ್ನು ಇನ್ನೊಬ್ಬನು ಅಲ್ಲಗಳೆಯುತ್ತಾನೆ. ಹಳೆಯ ಮದುವೆಯೊಂದರ ಸುದ್ದಿಯನ್ನು ಜಗಲಿಯ ಮೇಲೆ ಕುಳಿತ ಹಿರಿಯರು ಆಡುವಂತೆ ಎಂದರೆ ವಾಚಕರಿಗೆ ತಿಳಿದೀತು.

ಗ್ರಂಜ್ ಎಂದರೆ ಕೊಳೆ. ಮಾರ್ಕ್ ಆರ್ಮ್ ಎಂಬ ತರುಣನು ೧೯೮೧ರಲ್ಲಿ ಸ್ಥಳೀಯವಾದ ಒಂದು ಪುಟ್ಟ ಪತ್ರಿಕೆಗೆ ಕಾಗದ ಬರೆದು, ತನ್ನ ತಂಡವನ್ನು ತಾನೇ ಈ ಶಬ್ದದಿಂದ ಹಳಿದುಕೊಂಡನು. ಮುಂದೆ ೧೯೮೭ರಲ್ಲಿ ಅವನೇ ಹಾಡುತ್ತಿದ್ದ ಗ್ರೀನ್ ರಿವರ್ ತಂಡದ ತಟ್ಟೆಯನ್ನು ಮಾರುವುದಕ್ಕೆ ಸಬ್ ಪಾಪ್ ಸಂಸ್ಥೆಯು ಅದೇ ಶಬ್ದವನ್ನು ಹೊಗಳಿಕೆಯಾಗಿ ಅಚ್ಚು ಹಾಕಿಸಿತು. ಆ ಸಂಸ್ಥೆಯನ್ನು ನಡೆಸಿದ ಬ್ರೂಸ್ ಪಾವಿಟ್, ಜೊನಾಥನ್ ಪೋನ್‌ಮನ್ ಇವರಿಬ್ಬರನ್ನು ಕೂಡಿಸಿದವನು ಕಿಮ್ ತಯಿಲ್. ಸೌಂಡ್‌ಗಾರ್ಡನ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವನು. ಅವನ ತಂದೆತಾಯಿಗಳು ಕೇರಳದವರೆಂದು ತಿಳಿದಾಗ ನನಗೆ ಬಂದ ಹಿಗ್ಗಿಗೆ ಕಾರಣವಿಲ್ಲ, ಆದರೂ ಬಂದಿತು.

ಇವರ ಕೈಯಲ್ಲಿ ಹಣವಿರಲಿಲ್ಲ. ೧೯೮೯ರಲ್ಲಿ ಬಂದ ನಿರ್ವಾಣದ ಮೊದಲನೆಯ ಸಂಪುಟ 'ಬ್ಲೀಚ್'. ಅದರ ಮುದ್ರಣಕ್ಕೆ ತಗುಲಿದ್ದು ೬೦೬ ಡಾಲರು ೧೭ ಸೆಂಟು. ಆ ಹಣವನ್ನು ಕೊಟ್ಟವನು ಜೇಸನ್ ಎವರ್‌ಮನ್. ಅದರಲ್ಲಿ ಅವನು ಒಂದು ಸ್ವರವನ್ನೂ ನುಡಿಸಿಲ್ಲ, ಹೊದಿಕೆಯ ಮೇಲೆ ಮಾತ್ರ ಅವನ ಹೆಸರೂ ಚಿತ್ರವೂ ಇವೆ. ಎರಡೇ ವರ್ಷಗಳ ತರುವಾಯ, ೧೯೯೧ರ ಸೆಪ್ಟೆಂಬರಿನಲ್ಲಿ, 'ನೆವರ್‌ಮೈಂಡ್' ಬಂದಿತು. ಮರುವರ್ಷದ ಜನವರಿಗೆ ಅದು ಮೈಕೆಲ್ ಜಾಕ್ಸನನ ಸಂಪುಟವನ್ನು ಕೆಳಗಿಳಿಸಿ ಮೊದಲನೆಯ ಸ್ಥಾನದಲ್ಲಿ ಕುಳಿತಿತು.

ಆಗ ಪತ್ರಿಕೆಯವರು ಸಿಯಾಟಲಿನ ಕಡೆ ಓಡಿದರು. ಈ ತರುಣರ ಆಡುಮಾತು ಎಂತಹದೆಂದು ನ್ಯೂಯಾರ್ಕ್ ಟೈಮ್ಸ್ ಕೇಳಿತು. ಹಿಂದೆ ಸಬ್ ಪಾಪಿನಲ್ಲಿ ಕೆಲಸಕ್ಕಿದ್ದ ಮೆಗನ್ ಜಾಸ್ಪರ್ ಎಂಬ ತರುಣಿಯು ಬಾಯಿಗೆ ಬಂದ ಶಬ್ದಗಳನ್ನು ಕಟ್ಟಿ ಹೇಳಿದಳು. ಯಾರೂ ಎಂದೂ ಆಡದ ಆ ಮಾತುಗಳ ನಿಘಂಟನ್ನು ೧೯೯೨ರ ನವೆಂಬರಿನಲ್ಲಿ ಆ ದೊಡ್ಡ ಪತ್ರಿಕೆ ಗಂಭೀರವಾಗಿ ಪ್ರಕಟಿಸಿತು! ನಾನು ಗಟ್ಟಿಯಾಗಿ ನಕ್ಕೆ. ನಕ್ಕು ಮುಗಿಯುವ ಮೊದಲೇ ಬೇರೊಂದು ನೆನಪಾಯಿತು: ಹುಡುಗನೊಡನೆ ಆ ಮಾತನ್ನಾಡಿದ ದಿನ ಇವರ ವಿಷಯವಾಗಿ ನನಗೆ ಗೊತ್ತಿದ್ದದ್ದೆಲ್ಲ ಪತ್ರಿಕೆಗಳಿಂದ ಬಂದದ್ದು.

ಮದರ್ ಲವ್ ಬೋನ್ ತಂಡದ ಗಾಯಕ ಆಂಡ್ರೂ ವುಡ್ ೧೯೯೦ರ ಮಾರ್ಚಿನಲ್ಲಿ ಹೆರಾಯಿನ್ ಸೇವನೆಯಿಂದ ಸತ್ತನು. ವಯಸ್ಸು ೨೪. ತಂಡದ ಮೊದಲ ಪೂರ್ಣ ಸಂಪುಟ ಇನ್ನೂ ಹೊರಬಿದ್ದಿರಲಿಲ್ಲ. ಒಂದೇ ಮನೆಯಲ್ಲಿ ಅವನ ಜೊತೆಗಿದ್ದ ಸೌಂಡ್‌ಗಾರ್ಡನಿನ ಕ್ರಿಸ್ ಕಾರ್ನೆಲ್ ಆ ದುಃಖದಲ್ಲಿ ಹಾಡುಗಳನ್ನು ಬರೆದನು. ವುಡ್‌ನ ತಂಡದಲ್ಲಿ ಉಳಿದವರನ್ನು ಕೂಡಿಕೊಂಡು ಅವನು ಹಾಡಿದ 'ಟೆಂಪಲ್ ಆಫ್ ದಿ ಡಾಗ್' ೧೯೯೧ರಲ್ಲಿ ಬಂದಿತು. ಕಾರ್ನೆಲ್ ೨೦೧೭ರಲ್ಲಿ ತೀರಿಕೊಂಡನು. ಈ ಭಾಗವನ್ನು ಓದಿ ಪುಸ್ತಕವನ್ನು ಕೆಳಗಿಟ್ಟು, ಆ ರಾತ್ರಿ ಮುಂದೆ ಓದಲಿಲ್ಲ.

ಮರುದಿನ ಅಣ್ಣನ ಮಗನಿಗೆ ದೂರವಾಣಿ ಮಾಡಿ, ಆ ಸಂಪುಟ ನಿನ್ನಲ್ಲಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಅವನು ಸುಮ್ಮನಿದ್ದನು. ಬರುವ ಭಾನುವಾರ ತರುತ್ತಾನಂತೆ.