ಬ್ಲಾಕ್ ಇಲ್ಲದ ಎದೆನೋವು
ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಹೆಣ್ಣುಮಕ್ಕಳು ಘಾಟಿನಲ್ಲೇ ದಿನವಿಡೀ ಕೂತು ತೊಟ್ಟು ಬಿಡಿಸುತ್ತಾರೆ. ಅವರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಇರುವ, ಐವತ್ತು ದಾಟಿದ ತಾಯಂದಿರೂ ಇದ್ದಾರೆ. ಅಂಥವರಿಗೆ ಎದೆ ಬಿಗಿದು ಏದುಸಿರು ಬಂದರೆ ಮೊದಲು ಸಿಗುವುದು ಗ್ಯಾಸಿನ ಮಾತ್ರೆ. ಹಾವೇರಿ, ರಾಣೆಬೆನ್ನೂರಿನವರು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಆಂಜಿಯೋಗ್ರಾಂ ಮಾಡಿಸಿ, ಬ್ಲಾಕ್ ಇಲ್ಲವೆಂಬ ರಿಪೋರ್ಟು ಹಿಡಿದು ಮರಳಿದರೂ ಕೆಲವರ ನೋವು ಹಾಗೇ ಉಳಿಯುತ್ತದೆ. ‘ಯವ್ವಾ, ಡಾಕ್ಟರೇ ಏನೂ ಇಲ್ಲಂದಾರ, ಸುಮ್ನ ಯಾಕ ಚಿಂತಿ ಮಾಡ್ತಿ’ ಎಂದುಬಿಡುತ್ತಾರೆ ಮಕ್ಕಳು. ಈ ಮಾತು ಅನ್ಯಾಯದ್ದು. ಆಂಜಿಯೋಗ್ರಾಂ ತೋರಿಸುವುದು ಹೃದಯದ ದೊಡ್ಡ ರಕ್ತನಾಳಗಳನ್ನು ಮಾತ್ರ. ಅರ್ಧ ಮಿಲಿಮೀಟರಿಗಿಂತ ಸಣ್ಣವು ಅದಕ್ಕೆ ಕಾಣುವುದಿಲ್ಲ. ದುಡಿಯುವ ಹೊತ್ತಿನಲ್ಲಿ ಹಿಗ್ಗಿ ಹೃದಯದ ಸ್ನಾಯುವಿಗೆ ಹೆಚ್ಚು ರಕ್ತ ಬಿಡಬೇಕಾದವು ಆ ಸಣ್ಣ ನಾಳಗಳೇ. ಒಳಪದರ ಕೆಟ್ಟರೆ ಅವು ಹಿಗ್ಗುವುದಿಲ್ಲ, ಕೆಲವೊಮ್ಮೆ ಸೆಟೆದುಕೊಳ್ಳುತ್ತವೆ. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ವೈಸ್’ ಅಧ್ಯಯನದಲ್ಲಿ, ಎದೆನೋವಿದ್ದೂ ಬ್ಲಾಕ್ ಇಲ್ಲದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ದೋಷ ಕಂಡಿತು. ಇದೇ ಹಾನಿ ಮೂತ್ರಪಿಂಡದಲ್ಲಾದರೆ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತದೆ, ರೆಟಿನಾದಲ್ಲಾದರೆ ಕಣ್ಣು ಮಂಜಾಗುತ್ತದೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಿಗೂ ಉಚಿತವಾಗಿ ಬಂತು, ದೊಡ್ಡ ಉಪಕಾರ. ಆದರೆ ಅದು ದೊಡ್ಡ ನಾಳ ಕಟ್ಟಿದಾಗಿನ ಚಿಕಿತ್ಸೆ. ಸಣ್ಣ ನಾಳಗಳ ರಕ್ತದ ಹರಿವನ್ನು ಅಳೆಯುವ ಪೆಟ್, ಎಂಆರ್‌ಐ ಪರೀಕ್ಷೆಗಳಿವೆ, ದೊಡ್ಡ ಊರುಗಳಲ್ಲಿ. ಅಲ್ಲಿಯವರೆಗೆ ಹೋಗಲಾಗದಿದ್ದರೂ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಹತೋಟಿಯ ಮಾತ್ರೆ ಬಿಡಬಾರದು. ರಿಪೋರ್ಟು ನಾರ್ಮಲ್ ಬಂದರೂ ನೋವು ಮರುಕಳಿಸಿದರೆ ‘ಸಣ್ಣ ನಾಳದ ತೊಂದರೆ ಇರಬಹುದೇ’ ಎಂದು ಹೃದಯ ತಜ್ಞರನ್ನು ಕೇಳಲೇಬೇಕು.